ಅಕ್ಷರಗುಂಡು

ರಾಂಪುರದ ಸೀಮೆಯಲ್ಲಿ ಬಂಡೆಗಳಿಗೆ ಬರವಿಲ್ಲ. ಶೇಂಗಾ ಹೊಲ ಮುಗಿದಲ್ಲಿ ಬಂಡೆ, ಬಂಡೆ ಮುಗಿದಲ್ಲಿ ಮತ್ತೆ ಹೊಲ. ಅಷ್ಟು ಬಂಡೆಗಳ ನಡುವೆ, ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಯ ಬುಡದಲ್ಲಿರುವ ಒಂದನ್ನು ಊರವರು ಅಕ್ಷರಗುಂಡು ಎಂದು ಕರೆದರು. ಓದಲು ಬಾರದಿದ್ದರೂ ಅದು ಬರಹವೆಂಬುದನ್ನು ಅವರು ಬಲ್ಲರು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ದಕ್ಷಿಣದಲ್ಲಿ ಅಶೋಕನ ಮಾತು ಮೊದಲು ಸಿಕ್ಕಿದ್ದು ಈ ನೆಲದಲ್ಲೇ. ಇಂಗ್ಲಿಷಿನ ಪುಸ್ತಕಗಳು ಅದನ್ನು ‘ಈಡಿಕ್ಟ್’ ಎನ್ನುತ್ತವೆ.

ಗತ್ತಿನ ಪದ ಅದು. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಹೊರಗೆ ನುಡಿದದ್ದು, ಸಾರಿದ್ದು. ರೋಮಿನ ಪ್ರೇಟರ್ ಅಧಿಕಾರಕ್ಕೆ ಬಂದಾಗ ತಾನು ನ್ಯಾಯ ನಡೆಸುವ ಬಗೆಯನ್ನು ಸಾರುತ್ತಿದ್ದುದು ಈಡಿಕ್ಟ್. 1598ರಲ್ಲಿ ಫ್ರಾನ್ಸಿನ ನಾಲ್ಕನೆಯ ಹೆನ್ರಿ ಪ್ರಾಟೆಸ್ಟಂಟರಿಗೆ ಆರಾಧನೆಯ ಹಕ್ಕು ಕೊಟ್ಟದ್ದು ಈಡಿಕ್ಟಿನಿಂದ. 1685ರಲ್ಲಿ ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ ಅದನ್ನು ಕಿತ್ತುಕೊಂಡದ್ದೂ ಈಡಿಕ್ಟಿನಿಂದಲೇ. ಇಂದು ಆ ಪದ ಕಿವಿಗೆ ಬಿದ್ದರೆ ಎದುರಾಡಲಾಗದ ಕಟ್ಟಪ್ಪಣೆಯೇ ನೆನಪಾಗುತ್ತದೆ.

ಆದರೆ ಗುಂಡಿನ ಮೇಲಿನ ಮಾತಿನ ವರಸೆ ಬೇರೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಲ್ಲಿಯ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ಅಪ್ಪಣೆ ಆಮೇಲೆ! ಅದೂ ‘ದೇವರಿಗೆ ಪ್ರಿಯನಾದವನು’ ಎನಿಸಿಕೊಂಡ ಅಶೋಕ ತನ್ನ ಬಗ್ಗೆ ಹೇಳಿಕೊಳ್ಳುವುದರಿಂದಲೇ ಶುರು. ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಒಂದು ವರ್ಷ ನಾನು ಅಷ್ಟಾಗಿ ಶ್ರಮಿಸಲಿಲ್ಲ ಎನ್ನುತ್ತಾನೆ. ಕಳಿಂಗವನ್ನು ಗೆದ್ದ ದೊರೆ ತನ್ನ ಆಲಸ್ಯವನ್ನು ಇಷ್ಟು ದೂರದ ಸೀಮೆಯ ಕಲ್ಲಿನಲ್ಲಿ ಕೊರೆಸಿದನಲ್ಲ! ಅರಸರ ಶಾಸನಗಳಲ್ಲಿ ಬಿರುದುಗಳ ಸಾಲು ಓದಿ ಬಂದ ನನಗೆ ಇದಕ್ಕಿಂತ ದೊಡ್ಡ ಬೆರಗಿಲ್ಲ. ಮುಂದಿನ ಮಾತು ಇನ್ನೂ ಹಿರಿದು: ಶ್ರಮಪಟ್ಟರೆ ಸಿಗುವ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಚಿಕ್ಕವನಿಗೂ ಸ್ವರ್ಗ ಸಾಧ್ಯ. ಕೊನೆಗೆ ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯ, ಗುರುವಿಗೆ ಗೌರವ. ಇದೆಲ್ಲ ಹೊಸ ಕಟ್ಟಳೆಯಲ್ಲ, ಹಿಂದಿನಿಂದ ಬಂದ ನಡತೆ ಎಂದೂ ಅದೇ ಕಲ್ಲು ಹೇಳುತ್ತದೆ.

ಈ ಬರಹ ತನ್ನನ್ನು ಕರೆದುಕೊಂಡಿರುವುದು ‘ಸಾವಣೆ’ ಎಂದು, ಅಂದರೆ ಕೇಳಿಸಿದ್ದು. ಈಡಿಕ್ಟ್ ಬಾಯಿಯ ಕಡೆಯಿಂದ ಹುಟ್ಟಿದ ಪದವಾದರೆ ಇದು ಕಿವಿಯ ಕಡೆಯಿಂದ ಹುಟ್ಟಿದ್ದು. ಆರೋಗ್ಯ ಕೇಳುವುದೂ ತಪ್ಪೊಪ್ಪಿಕೊಳ್ಳುವುದೂ ಚಿಕ್ಕವನನ್ನು ನೆನೆಯುವುದೂ ಎದುರಿಗೆ ಕೇಳುವವನಿದ್ದಾನೆ ಎಂಬ ಅರಿವಿನಿಂದಲೇ ಬಂದಿರಬೇಕು. ಆಂಧ್ರದ ಎರ್ರಗುಡಿಯ ಬಂಡೆಯಲ್ಲಂತೂ ರಾಜುಕನೆಂಬ ಅಧಿಕಾರಿ ಭೇರಿ ಹೊಡೆಸಿ ಹಳ್ಳಿಯ ಜನಕ್ಕೆ ತಿಳಿಸಬೇಕೆಂಬ ಮಾತೇ ಇದೆ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುತ್ತಿದ್ದ ಪದ್ಧತಿಗೆ ಅಷ್ಟು ವಯಸ್ಸಾಗಿದೆ.

ಹತ್ತಿರ ಹತ್ತಿರವೇ ಮೂರು ಕಡೆ ಇದೇ ಬರಹವಿದೆ: ಬ್ರಹ್ಮಗಿರಿ, ಸಿದ್ದಾಪುರ, ಜಟಾಯು ಬಿದ್ದ ಜಾಗವೆಂದು ಜನ ನಂಬಿರುವ ಜಟಿಂಗ ರಾಮೇಶ್ವರ. ಮೂರರ ಕೊನೆಯಲ್ಲೂ ಬರೆದವನು ಚಪಡ ಎಂದಿದೆ. ಬರಹವೆಲ್ಲ ಎಡದಿಂದ ಬಲಕ್ಕೆ ಹರಿಯುವ ಬ್ರಾಹ್ಮಿ. ‘ಲಿಪಿಕಾರ’ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಅವನು ಬಲದಿಂದ ಎಡಕ್ಕೆ, ಗಾಂಧಾರದ ಕಡೆಯ ಖರೋಷ್ಠಿಯಲ್ಲಿ ಬರೆದ. ಇಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ.

ಬರಹದ ಭಾಷೆ ಪ್ರಾಕೃತ. ಇಸಿಲ ಎಂಬ ಹೆಸರು ಕನ್ನಡದ್ದೆಂದು ಡಿ.ಎಲ್. ನರಸಿಂಹಾಚಾರ್ ಹೇಳಿದ್ದಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕಬ್ಬಿಣದ ಸಾಮಾನು, ದೊಡ್ಡ ದೊಡ್ಡ ಕಲ್ಗೋರಿಗಳು ಸಿಕ್ಕವು. ಆ ನೆಲದ ಜನಕ್ಕೆ ಪ್ರಾಕೃತ ಎಲ್ಲಿಂದ ತಿಳಿಯಬೇಕು? ಯಾರೋ ಒಬ್ಬರು ಆ ಮಾತನ್ನು ಇಲ್ಲಿಯ ನುಡಿಗೆ ತಿರುಗಿಸಿ ಹೇಳಿರಲೇಬೇಕು. ‘ನಿನ್ನಂಥ ಚಿಕ್ಕವನಿಗೂ ಸಾಧ್ಯ’ ಎಂಬುದನ್ನು ಯಾವ ಪದ ಹಾಕಿ ಹೇಳಿದರು, ಕೇಳಿದ ದನಗಾಹಿ ನಂಬಿದನೇ, ತಿರುಗಿ ಏನು ಕೇಳಿದ?