ಗಾಜಿನಾಚೆಯ ದೇವರು

ತಂಜಾವೂರು ಸೀಮೆಯ ಪತ್ತೂರು ಎಂಬ ಹಳ್ಳಿಯಲ್ಲಿ, ಪಾಳುಬಿದ್ದ ಶಿವಾಲಯದ ಬಳಿ 1976ರಲ್ಲಿ ಮಣ್ಣು ಅಗೆಯುವಾಗ ಚೋಳರ ಕಾಲದ ಕಂಚಿನ ನಟರಾಜ ಸಿಕ್ಕಿದ. ಕಳ್ಳದಾರಿಯಲ್ಲಿ ಲಂಡನ್ ಸೇರಿ, 1982ರಲ್ಲಿ ಕೆನಡಾದ ಕಂಪನಿಯೊಂದರ ಪಾಲಾದ. ದುರಸ್ತಿಗೆಂದು ಬ್ರಿಟಿಷ್ ಮ್ಯೂಸಿಯಂನಲ್ಲಿದ್ದಾಗ ಪೊಲೀಸರು ವಶಪಡಿಸಿಕೊಂಡರು. ಮೊಕದ್ದಮೆಯಲ್ಲಿ ಮೂರ್ತಿ ತನ್ನದೆಂದು ಕೇಳಿದ ಪಕ್ಷಗಳಲ್ಲಿ ಆ ಪಾಳುಗುಡಿಯೂ ಒಂದು. ಗುಡಿಗೆ ದಾವೆ ಹೂಡುವ ಹಕ್ಕಿದೆಯೆಂದು 1991ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಒಪ್ಪಿತು, ನಟರಾಜ ತಮಿಳುನಾಡಿಗೆ ಮರಳಿದ. ಭಾರತದ ಕಾನೂನಿಗೆ ಇದು ಹೊಸದೇನಲ್ಲ. ದೇವರ ಮೂರ್ತಿಗೆ ತನ್ನದೇ ಹಕ್ಕುಗಳಿವೆ ಎಂಬುದನ್ನು 1925ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಕೋಲ್ಕತ್ತದ ಮಲ್ಲಿಕ್ ಮನೆತನದ ವ್ಯಾಜ್ಯದಲ್ಲಿ ಎತ್ತಿಹಿಡಿದಿತ್ತು.

ಮೂರ್ತಿ ಯಾರದ್ದು ಎಂದು ನ್ಯಾಯಾಲಯ ಹೇಳಬಹುದು. ಅದನ್ನು ಯಾವ ಎತ್ತರದಲ್ಲಿ, ಎಂಥ ಬೆಳಕಿನಲ್ಲಿ, ನೋಡುವವರಿಂದ ಎಷ್ಟು ದೂರದಲ್ಲಿ ಇಡಬೇಕು ಎಂದು ಹೇಳುವವನು ವಾಸ್ತುಶಿಲ್ಪಿ. ಪ್ರಾಣಪ್ರತಿಷ್ಠೆಯಾದ ಮೂರ್ತಿ ಗುಡಿ ಬಿಟ್ಟ ಮೇಲೂ ದೇವರೇ, ಅಥವಾ ಕಲಾಕೃತಿ ಮಾತ್ರವೇ? ಬಾಯಲ್ಲಿ ಉತ್ತರ ಕೊಡದಿದ್ದರೂ ಅವನು ಎಳೆಯುವ ಪ್ರತಿ ಗೆರೆಯೂ ಒಂದು ಉತ್ತರವಾಗಿಬಿಡುತ್ತದೆ. ನಮ್ಮ ಐದು ವರ್ಷದ ಬಿ.ಆರ್ಕ್. ವಿದ್ಯಾರ್ಥಿಗಳಿಗೆ ಕೊನೆಯ ವರ್ಷದ ಥೀಸಿಸ್‌ಗೆ ಮ್ಯೂಸಿಯಂ ಅಚ್ಚುಮೆಚ್ಚಿನ ವಿಷಯ. ಜನ ಹೇಗೆ ಓಡಾಡಬೇಕು, ಸೂರಿನಿಂದ ಬೆಳಕು ಹೇಗೆ ಇಳಿಯಬೇಕು, ತೇವಾಂಶ ಎಷ್ಟಿರಬೇಕು, ಓಲೆಗರಿಗೂ ಬಟ್ಟೆಗೂ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಏಕೆ ಕೂಡದು, ಇವೆಲ್ಲ ಅವರಿಗೆ ಗೊತ್ತು. ಮೂರ್ತಿ ದೇವರೋ ಕಲಾಕೃತಿಯೋ ಎಂಬ ಆ ಪ್ರಶ್ನೆಯನ್ನು ಮಾತ್ರ ಜ್ಯೂರಿಯಲ್ಲಿ ಕೇಳುವವರು ಅಪರೂಪ.

ಚೋಳರ ಕಂಚಿನ ಮೂರ್ತಿಗಳ ಪೀಠದಲ್ಲಿ ಬಳೆಗಳೂ ರಂಧ್ರಗಳೂ ಇರುತ್ತವೆ. ಅವು ಅಲಂಕಾರಕ್ಕಲ್ಲ, ಉತ್ಸವದ ದಿನ ಮೂರ್ತಿಯನ್ನು ಬಿಗಿದು ಹೆಗಲ ಮೇಲೆ ಹೊರುವುದಕ್ಕೆ. ಒಂದೆಡೆ ನಿಲ್ಲಲಿ ಎಂದು ಎರಕ ಹೊಯ್ದದ್ದೇ ಅಲ್ಲ ಅದು. ರೇಷ್ಮೆ ಉಡಿಸಿ, ಹೂವಿನಿಂದ ಮುಚ್ಚಿ, ಮುಖ ಮತ್ತು ಕೈಗಳಷ್ಟೇ ಕಾಣುವಂತೆ, ದೀವಟಿಗೆಯ ಬೆಳಕಿನಲ್ಲಿ, ಜನರ ತಲೆಗಳಿಗಿಂತ ಮೇಲೆ ಓಲಾಡುತ್ತ ಬರುತ್ತಿತ್ತು. ಜನ ಕತ್ತೆತ್ತಿ ನೋಡುತ್ತಿದ್ದರು. ಮ್ಯೂಸಿಯಂನಲ್ಲಿ ರೇಷ್ಮೆಯೂ ಇಲ್ಲ, ಹೂವೂ ಇಲ್ಲ. ಎದೆಮಟ್ಟದ ಕಟ್ಟೆ, ನೆತ್ತಿಯ ಮೇಲೊಂದು ಸ್ಪಾಟ್‌ಲೈಟ್, ಸುತ್ತ ಗಾಜು. ಆದರೆ ಶಿಲ್ಪಿಯ ಕೈಕೆಲಸ ಪೂರ್ತಿಯಾಗಿ ಕಾಣುವುದು ಇಲ್ಲಿಯೇ, ಅದನ್ನೂ ಒಪ್ಪಬೇಕು. ಬೆನ್ನಿನ ಆ ಇಳಿಜಾರು, ನಡುವಿನ ಆ ತಿರುವು ಭಕ್ತರ ಕಣ್ಣಿಗೆ ಬಿದ್ದದ್ದು ಕಡಿಮೆ. ಎರಡು ನೋಟಗಳೂ ಸತ್ಯವಾದರೆ ಒಂದೇ ಮೂರ್ತಿಗೆ ಎರಡು ಎತ್ತರಗಳು ಬೇಕು: ದೂರದಿಂದ ತಲೆಯೆತ್ತಿ ನೋಡುವ ಜಾಗ ಒಂದು, ಹತ್ತಿರ ಹೋಗಿ ಸುತ್ತುಬರುವ ಜಾಗ ಇನ್ನೊಂದು. ಈ ಮಾತು ಮುಗಿಯಬೇಕಾದದ್ದು ಸೆಕ್ಷನ್ ಡ್ರಾಯಿಂಗಿನಲ್ಲಿ.

ಇದು ಆಗದ ಹೋಗದ ಮಾತೇನಲ್ಲ. ಇಟಲಿಯ ವೆರೋನಾದಲ್ಲಿ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಇದನ್ನು ಮಾಡಿ ತೋರಿಸಿದ. ಕಾನ್‌ಗ್ರಾಂದೆ ಎಂಬ ದೊರೆಯ ಕುದುರೆ ಸವಾರಿಯ ಶಿಲ್ಪ ಮೊದಲು ಅವನ ಸಮಾಧಿಯ ನೆತ್ತಿಯ ಮೇಲಿತ್ತು, ಜನ ಅದನ್ನು ಕೆಳಗಿನಿಂದಲೇ ಕಂಡಿದ್ದರು. 1964ರಲ್ಲಿ ಕಾಸ್ಟೆಲ್‌ವೆಕ್ಕಿಯೋ ಮ್ಯೂಸಿಯಂನ ಕೆಲಸ ಮುಗಿಸುವಾಗ ಸ್ಕಾರ್ಪಾ ಅದನ್ನು ಅಂಗಳದ ಮೇಲೆ ಚಾಚಿದ ಕಾಂಕ್ರೀಟ್ ತೊಲೆಯ ಮೇಲೆ ಎತ್ತರದಲ್ಲಿ ನಿಲ್ಲಿಸಿದ. ಕೆಳಗೆ ನಡೆಯುವವರಿಗೆ ಹಳೆಯ ನೋಟವೇ ಸಿಗುತ್ತದೆ, ಮೇಲಿನ ಸೇತುವೆಗೆ ಹತ್ತಿದವರಿಗೆ ದೊರೆಯ ನಗುಮುಖ ಎದುರಾಗುತ್ತದೆ. ಸ್ಕಾರ್ಪಾ ವೆನಿಸ್ಸಿನಲ್ಲಿ ಮೇಷ್ಟರೂ ಆಗಿದ್ದ. ಒಂದೊಂದು ಶಿಲ್ಪಕ್ಕೂ ಎಷ್ಟೆಷ್ಟು ಸಲ ಜಾಗ ಹುಡುಕಿದ ಎಂಬುದಕ್ಕೆ ಅವನ ನಕ್ಷೆಗಳು ಅದೇ ಮ್ಯೂಸಿಯಂನಲ್ಲಿ ಸಾಕ್ಷಿಯಾಗಿವೆ.

ನಮ್ಮ ವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಿಲ್ಲ. ಅಧ್ಯಯನ ಪ್ರವಾಸಕ್ಕೆಂದು ಎಲ್ಲರೂ ಹೋಗುವ ಹಂಪಿಯಲ್ಲಿ, 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ ಉಗ್ರನರಸಿಂಹ ಭಗ್ನನಾಗಿ ಕುಳಿತಿದ್ದಾನೆ. ಒಡೆದ ಮೂರ್ತಿಗೆ ಪೂಜೆಯಿಲ್ಲ, ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾಲ್ಕು ಹೆಜ್ಜೆ ಆಚೆ ನೀರಿನಲ್ಲಿ ನಿಂತ ಬಡವಿಲಿಂಗಕ್ಕೆ ಪೂಜೆ ಸಲ್ಲುತ್ತದೆ. ಎರಡೂ ಕಲ್ಲೇ, ಎರಡೂ ಸಂರಕ್ಷಿತ ಸ್ಮಾರಕಗಳೇ. ಒಂದರ ಮುಂದೆ ಕ್ಯಾಮೆರಾ ಎತ್ತುವ ಕೈ ಇನ್ನೊಂದರ ಮುಂದೆ ತಾನಾಗಿ ಮುಗಿಯುತ್ತದೆ. ಆ ನಾಲ್ಕು ಹೆಜ್ಜೆಗಳಲ್ಲಿ ಏನಾಗುತ್ತದೆ ಎಂಬುದನ್ನು ಒಂದು ದಿನವಿಡೀ ಕೂತು ನೋಡುವುದು ಮ್ಯೂಸಿಯಂ ವಿನ್ಯಾಸದ ಮೊದಲ ಪಾಠವಾಗಬೇಕು.

ಹಾಗೆಂದು ಮ್ಯೂಸಿಯಂ ಅನ್ನು ಗುಡಿಯಾಗಿಸಿದರೆ ಸಾಕೆ? ಇಲ್ಲಿ ಎಚ್ಚರ ಬೇಕು. ಶತಮಾನಗಳ ಕಾಲ ಈ ಮೂರ್ತಿಗಳ ಎದುರು ನಿಲ್ಲುವ ಅವಕಾಶವೇ ಇಲ್ಲದ ಜನ ಈ ದೇಶದಲ್ಲಿದ್ದರು. ತಿರುವಾಂಕೂರಿನ ದೇವಸ್ಥಾನ ಪ್ರವೇಶದ ಘೋಷಣೆ ಬಂದದ್ದೇ 1936ರಲ್ಲಿ. ಜಾತಿ ಕೇಳದೆ, ಗೋತ್ರ ಕೇಳದೆ, ಮೂರ್ತಿಯಿಂದ ಒಂದು ಮಾರು ದೂರಕ್ಕೆ ಎಲ್ಲರನ್ನೂ ಬಿಟ್ಟದ್ದು ಮ್ಯೂಸಿಯಂ. ಗಾಜಿನ ಪೆಟ್ಟಿಗೆ ದೇವರನ್ನು ವಸ್ತುವಾಗಿಸಿತು ಎಂದು ಮರುಗುವವರು ಅದೇ ಗಾಜು ಯಾರ ಯಾರನ್ನು ಒಳಗೆ ಕರೆಯಿತು ಎಂಬುದನ್ನೂ ನೆನೆಯಬೇಕು. ಭಕ್ತಿಯ ಹೆಸರಿನಲ್ಲಿ ಮ್ಯೂಸಿಯಂನೊಳಗೆ ಮತ್ತೊಂದು ಹೊಸ್ತಿಲು ಎದ್ದರೆ ಅದು ಅನ್ಯಾಯ.

ಭಕ್ತಿಯನ್ನೂ ಎಲ್ಲರಿಗೂ ತೆರೆದ ಬಾಗಿಲನ್ನೂ ಕೂಡಿಸಿದವರಿದ್ದಾರೆ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನ ತೆ ಪಾಪಾ ಮ್ಯೂಸಿಯಂನಲ್ಲಿ (1998) ಮಾವೋರಿ ಪೂರ್ವಿಕರ ವಸ್ತುಗಳನ್ನು ಕಂಡು ಹೊರಬರುವವರಿಗೆ ನೀರು ಇಟ್ಟಿದ್ದಾರೆ, ಪ್ರೋಕ್ಷಣೆ ಮಾಡಿಕೊಂಡು ಹೋಗಬಹುದು. ಬೇಡವಾದವರು ಸುಮ್ಮನೆ ನಡೆದುಹೋಗಬಹುದು. ಅಮೆರಿಕದ ನೆವಾರ್ಕ್ ಮ್ಯೂಸಿಯಂನ ಟಿಬೆಟನ್ ಪೂಜಾಪೀಠವನ್ನು 1990ರಲ್ಲಿ ದಲೈ ಲಾಮಾ ಅವರೇ ಪ್ರತಿಷ್ಠಾಪಿಸಿದರು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪಿಪ್ರಾಹ್ವದ ಬುದ್ಧಧಾತುಗಳು ಥಾಯ್ಲೆಂಡ್ ಕೊಟ್ಟ ಹೊನ್ನಿನ ಬಣ್ಣದ ಮಂಟಪದಲ್ಲಿವೆ. ಯಾತ್ರಿಕರು ಅಲ್ಲಿ ಕೂತು ಪ್ರಾರ್ಥಿಸುತ್ತಾರೆ, ಶಾಲೆಯ ಮಕ್ಕಳು ಫಲಕ ಓದುತ್ತಾರೆ. ಬುದ್ಧನ ಶಿಷ್ಯರಾದ ಸಾರಿಪುತ್ರ ಮತ್ತು ಮೌದ್ಗಲ್ಯಾಯನರ ಧಾತುಗಳ ಕಥೆ ಬೇರೆ. ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ 1851ರಲ್ಲಿ ಕಂಡ ಅವು ಲಂಡನ್ನಿನ ಮ್ಯೂಸಿಯಂನಲ್ಲಿ ದಶಕಗಳನ್ನು ಕಳೆದು, 1952ರಲ್ಲಿ ಸಾಂಚಿಯ ಹೊಸ ವಿಹಾರಕ್ಕೆ ಬಂದವು.

ಮೂಡುಬಿದಿರೆಯದ್ದು ಇನ್ನೂ ಬಿಗಿಯಾದ ಪ್ರಶ್ನೆ. ಜೈನರ ಧವಲಾ ಗ್ರಂಥಗಳ ಓಲೆಗರಿಗಳು ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ಪೂಜೆಗೊಂಡವು, ಓದಿನ ಪಾಲಿಗೆ ಮುಚ್ಚಿಯೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಶುರುವಾಗಿ, 1939ರಿಂದ ಅವು ಅಚ್ಚಾಗತೊಡಗಿದವು. ಗ್ರಂಥವನ್ನು ಪೂಜಿಸಿದವರೇ ಅದನ್ನು ಉಳಿಸಿದರು, ಆದರೂ ಅದರ ಅರಿವು ಲೋಕಕ್ಕೆ ದಕ್ಕಿದ್ದು ತೆರೆದ ಮೇಲೆ. ಅಂಥ ಓಲೆಗೆ ಕೋಣೆ ಕಟ್ಟುವಾಗ ಕತ್ತಲು ಯಾತಕ್ಕಾಗಿ, ಗರಿಯ ಆಯುಸ್ಸಿಗೋ ಅದರ ಪಾವಿತ್ರ್ಯಕ್ಕೋ? ಅಹಮದಾಬಾದಿನ ಲಾಲ್‌ಭಾಯಿ ದಲಪತ್‌ಭಾಯಿ ಸಂಸ್ಥೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಜೈನ ಹಸ್ತಪ್ರತಿಗಳನ್ನು ತಂಪಾದ ನೆಲಮಾಳಿಗೆಗೆ ಇಳಿಸಿ, ಓದುವವರನ್ನು ಮೇಲಿನ ಬೆಳಕಿನಲ್ಲಿ ಕೂರಿಸಿದರು. 1960ರ ದಶಕದ ಆ ಕಟ್ಟಡ ಇಂದಿಗೂ ಪಾಠಕ್ಕೆ ಯೋಗ್ಯ.

ಇನ್ನೂ ಬಾಕಿ ಉಳಿದ ಕೆಲಸ ತಮಿಳುನಾಡಿನಲ್ಲೇ ಇದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಕೊಂಡಿದ್ದ ಶ್ರೀಪುರಂದಾನಿನ ನಟರಾಜ 2014ರಲ್ಲಿ ದೇಶಕ್ಕೆ ಮರಳಿದ. ಹೀಗೆ ಮರಳಿದ ಮೂರ್ತಿಗಳೂ ಕಾವಲಿಲ್ಲದ ಹಳ್ಳಿಗುಡಿಗಳ ಮೂರ್ತಿಗಳೂ ಕುಂಭಕೋಣ, ತಿರುವಾರೂರುಗಳ ಭದ್ರತಾ ಕೇಂದ್ರಗಳಲ್ಲಿ ಬೀಗದೊಳಗಿವೆ. ಅದು ಗುಡಿಯೂ ಅಲ್ಲ, ಮ್ಯೂಸಿಯಂ ಕೂಡ ಅಲ್ಲ. ಊರಿನವರು ಬಂದು ಕೈಮುಗಿಯಬಲ್ಲ, ವಿದ್ವಾಂಸರು ಅಳೆಯಬಲ್ಲ, ಕಂಚಿಗೆ ತೇವ ತಗುಲದ, ಹಬ್ಬದ ದಿನ ಮೂರ್ತಿ ಹೊರಡಬಲ್ಲ ಕಟ್ಟಡ ಹೇಗಿರಬೇಕು? ಥೀಸಿಸ್‌ಗೆ ಇದಕ್ಕಿಂತ ಅಗತ್ಯವಾದ ವಿಷಯ ಇಂದು ಇನ್ನೊಂದಿಲ್ಲ.

ವಾಸ್ತುಶಿಲ್ಪ ಶಾಲೆಗಳ ಅಧ್ಯಾಪಕರು ಮುಂದಿನ ಸ್ಟುಡಿಯೋಗೆ ಇದನ್ನೇ ಕೊಡಲಿ. ಜ್ಯೂರಿಯಲ್ಲಿ ವಾಸ್ತುಶಿಲ್ಪಿಗಳ ಜೊತೆಗೆ ಒಬ್ಬ ಅರ್ಚಕರು, ಒಬ್ಬ ಲೋಹ ಸಂರಕ್ಷಕರು, ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಗುಡಿಯ ಹೊರಗೇ ನಿಲ್ಲಬೇಕಾಗಿದ್ದ ಮನೆತನದವರೊಬ್ಬರು ಕೂರಲಿ.