ತಲೆಯೊಳಗೆ ಏನೂ ಇಲ್ಲ

ನಮ್ಮ ಕಾಕಾ ಚಹಾ ಕುಡಿಯುತ್ತಿದ್ದಾರೆ ಅನ್ನುವುದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಕಪ್ಪಿಗೆ ಬಶಿ ಬಡಿಯುವ ಸಣ್ಣ ಕಟಕಟ ಸದ್ದು. ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಸಾಲಿ ಮಾಸ್ತರಿಕೆ ಮಾಡಿದವರು ಅವರು. ಹಲಗೆಯ ಮೇಲೆ ಅವರು ಬರೆದದ್ದನ್ನು ಅಳಿಸಲು ಹುಡುಗರಿಗೆ ಮನಸ್ಸಾಗುತ್ತಿರಲಿಲ್ಲ ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ. ಅಂಥ ಬಲಗೈ, ನಿವೃತ್ತಿ ಹತ್ತಿರ ಬಂದಾಗ ನಡುಗಲು ಶುರುವಾಯಿತು. ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡರೆ ಏನೂ ಇಲ್ಲ. ಪೆನ್ನು ಹಿಡಿದರೆ, ಬಶಿ ಎತ್ತಿದರೆ, ಹಣೆಗೆ ವಿಭೂತಿ ಹಚ್ಚಿಕೊಳ್ಳಲು ಹೋದರೆ ಥರಥರ.

ಬಶಿ ಹೋಗಿ ಸ್ಟೀಲ್ ಲೋಟ ಬಂತು, ಅದೂ ಅರ್ಧ. ಮದುವೆಗಳಿಗೆ ಹೋಗಿ ಅಕ್ಕಿಕಾಳು ಹಾಕಿ, ಊಟಕ್ಕೆ ಕೂರದೆ ಹೊಲದ ಕೆಲಸದ ನೆಪ ಹೇಳಿ ಬಂದುಬಿಡುತ್ತಿದ್ದರು. ಪಂಕ್ತಿಯಲ್ಲಿ ಸಾರು ಮೈಮೇಲೆ ಚೆಲ್ಲಿಕೊಂಡರೆ ಎಂಬ ಅಂಜಿಕೆ. ಪಿಂಚಣಿ ಬರುವ ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಎಂದು ಚೀಟಿ ವಾಪಸ್ ಬಂತು. ಅಕ್ಷರ ಕಲಿಸಿದ ಮಾಸ್ತರರ ಹೆಬ್ಬೆಟ್ಟಿಗೆ ಅಲ್ಲಿಯ ಹುಡುಗ ಮಸಿಯ ಡಬ್ಬಿ ಮುಂದಿಟ್ಟ ದಿನ ಅವರು ಮನೆಗೆ ಬಂದು ಮಾತಾಡಲಿಲ್ಲ.

ಊರು ಮಾತ್ರ ಮಾತಾಡಿತು. ‘ಮಾಸ್ತರು ಕುಡಿಯಾಕ ಹತ್ಯಾರಂತ.’ ಈ ಚಾಡಿಯಲ್ಲಿ ವಿಚಿತ್ರವಾದ ಒಂದು ಅರೆಸತ್ಯ ಇದೆ. ಈ ಬಗೆಯ ನಡುಕ ಇರುವ ಬಹಳ ಜನರಿಗೆ ಒಂದು ಗುಟುಕು ಮದ್ಯ ಒಳಗೆ ಹೋದರೆ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ನಡುಕ ಮತ್ತಷ್ಟು ಜೋರಾಗಿ ಮರಳುತ್ತದೆ. ಹಾಗಾಗಿ ಕುಡಿದದ್ದಕ್ಕೇ ಕೈ ನಡುಗುತ್ತದೆ ಎಂದು ನೋಡಿದವರು ತೀರ್ಮಾನಿಸುತ್ತಾರೆ. ಕಾಕಾ ಎಂದೂ ಮುಟ್ಟಿದವರಲ್ಲ, ಅದು ಬೇರೆ ಮಾತು. ಅವರ ತಾಯಿಗೂ ಕೊನೆಗಾಲದಲ್ಲಿ ರೊಟ್ಟಿ ಬಡಿಯುವಾಗ ಕೈ ಹೀಗೇ ನಡುಗುತ್ತಿತ್ತೆಂದು, ‘ಅವರ ಮನಿತನಕ್ಕೇ ಅದೈತಿ’ ಎಂದು ಓಣಿಯ ಮುದುಕಿಯೊಬ್ಬಳು ಹೇಳಿದ್ದಳು. ಆಕೆಯ ಮಾತೇ ವೈದ್ಯಶಾಸ್ತ್ರಕ್ಕೆ ಹೆಚ್ಚು ಹತ್ತಿರವಿತ್ತು. ಎಸೆನ್ಶಿಯಲ್ ಟ್ರೆಮರ್ ಎಂದು ಡಾಕ್ಟರುಗಳು ಕರೆಯುವ ಈ ನಡುಕ ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ನಡುಕರೋಗ ಇದಲ್ಲ. ಪಾರ್ಕಿನ್ಸನ್ನಿನಲ್ಲಿ ಕೈ ಸುಮ್ಮನಿದ್ದಾಗ ನಡುಗುವುದು ಹೆಚ್ಚು, ಇದರಲ್ಲಿ ಕೆಲಸಕ್ಕೆ ಹಚ್ಚಿದಾಗ.

ಕೊನೆಗೆ ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದ್ದಾಯಿತು. ಹಿಟ್ಟಿನ ಗಿರಣಿಯೊಳಗೆ ತಲೆ ಇಟ್ಟು ಮಲಗಿದಂತೆ ಇತ್ತು ಎಂದು ಕಾಕಾ ವರ್ಣಿಸಿದರು. ರಿಪೋರ್ಟು ಬಂತು: ನಾರ್ಮಲ್. ದೊಡ್ಡ ಚೀಲದಲ್ಲಿ ಕರಿಯ ಫಿಲ್ಮು ಹಾಕಿಕೊಂಡು ಬಂದು ಪಡಸಾಲಿಯ ಗೂಟಕ್ಕೆ ತೂಗುಹಾಕಿ, ‘ಅಷ್ಟು ರೊಕ್ಕಾ ಕೊಟ್ಟು ತಲಿಯೊಳಗ ಏನೂ ಇಲ್ಲ ಅಂತ ಅನಿಸಿಕೊಂಡು ಬಂದೆ ನೋಡು’ ಎಂದು ನಕ್ಕರು. ನಮ್ಮ ಕಡೆ ಸ್ಕ್ಯಾನಿಂಗ್ ಅಂದರೆ ಪರೀಕ್ಷೆಯಲ್ಲ, ಅದೇ ಒಂದು ಔಷಧ. ‘ಸ್ಕ್ಯಾನಿಂಗ್ ಮಾಡಿಸಿದ್ರೂ ಆರಾಮ ಆಗಲಿಲ್ಲ’ ಎಂಬ ದೂರನ್ನು ನವಲಗುಂದದ ಸಂತೆಯಲ್ಲೂ ಕೇಳಬಹುದು, ಕಲಘಟಗಿಯ ಬಸ್ ನಿಲ್ದಾಣದಲ್ಲೂ ಕೇಳಬಹುದು.

ನಾನೂ ನಗುತ್ತಿದ್ದ ಮಾತದು. ಈಗ ಅಷ್ಟು ನಗು ಬರುವುದಿಲ್ಲ. ಚಿತ್ರ ತೆಗೆಯುವ ಎರಡು ಯಂತ್ರಗಳು, ಅಂದರೆ ಮೆದುಳನ್ನು ನೋಡುವ ಎಂಆರ್‌ಐ ಮತ್ತು ಬಸುರಿಯರ ಹೊಟ್ಟೆ ನೋಡುವ ಅಲ್ಟ್ರಾಸೌಂಡ್, ಒಂದಾಗಿ ಇದೇ ನಡುಕಕ್ಕೆ ನಿಜವಾಗಿಯೂ ಔಷಧವಾಗಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲವು ವರ್ಷಗಳಿಂದ ಕೊಯಮತ್ತೂರಿನಲ್ಲೂ ಈ ಚಿಕಿತ್ಸೆ ನಡೆಯುತ್ತಿದೆ.

ಹೇಗೆಂದರೆ: ರೋಗಿಯ ತಲೆಗೂದಲನ್ನು ಪೂರ್ತಿ ಬೋಳಿಸಿ ಶಿರಸ್ತ್ರಾಣದಂಥದ್ದೊಂದನ್ನು ತೊಡಿಸುತ್ತಾರೆ. ಅದರ ಒಳಮೈಗೆ 1,024 ಪುಟ್ಟ ಧ್ವನಿಬಿಲ್ಲೆಗಳು. ಮನುಷ್ಯರ ಕಿವಿಗೆ ಸೆಕೆಂಡಿಗೆ 20,000 ಕಂಪನದ ಆಚೆ ಏನೂ ಕೇಳಿಸದು. ಇವು ಹೊರಡಿಸುವುದು ಸುಮಾರು ಆರೂವರೆ ಲಕ್ಷ ಕಂಪನದ ಸದ್ದು. ನಮ್ಮ ಕಡೆಯ ಮದುವೆಯಲ್ಲಿ ಅಕ್ಕಿಕಾಳು ಬೀಳುವುದನ್ನು ನೆನೆಸಿಕೊಳ್ಳಿ. ಸಾವಿರ ಜನ ಸಾವಿರ ಕಡೆಯಿಂದ ನಾಲ್ಕು ನಾಲ್ಕು ಕಾಳು ಎಸೆಯುತ್ತಾರೆ. ದಾರಿಯಲ್ಲಿ ಯಾರ ತಲೆಗೆ ಒಂದೆರಡು ಬಿದ್ದರೂ ಗೊತ್ತಾಗುವುದಿಲ್ಲ, ಎಲ್ಲವೂ ಸೇರುವುದು ಮದುಮಕ್ಕಳ ನೆತ್ತಿಯ ಮೇಲೆ. ಒಂದೊಂದು ಬಿಲ್ಲೆಯ ಸದ್ದೂ ಹೀಗೇ ಮೆದುಳನ್ನು ನೋಯಿಸದೆ ಹಾದುಹೋಗಿ, ಎಲ್ಲ ಸೇರುವ ಕಡೆ ಕೆಲವೇ ಮಿಲಿಮೀಟರಿನಷ್ಟು ಜಾಗವನ್ನು ಬಿಸಿ ಮಾಡುತ್ತದೆ. ಆ ಜಾಗ ಇರುವುದು ಥಾಲಮಸ್ಸಿನಲ್ಲಿ. ಗ್ರೀಕಿನಲ್ಲಿ ಆ ಹೆಸರಿಗೆ ಒಳಕೋಣೆ ಎಂದರ್ಥ, ನಾವಾದರೆ ನಡಮನಿ ಅನ್ನುತ್ತಿದ್ದೆವು. ಹಿಂದಲೆಯ ಸಣ್ಣ ಮೆದುಳಿನಿಂದ ಕೈಯ ಚಲನೆಗೆ ಬರುವ ಸುದ್ದಿ ಬಹುಮಟ್ಟಿಗೆ ಈ ನಡಮನಿ ಹಾಯ್ದು ಹೋಗುತ್ತದೆ. ಆ ದಾರಿಯಲ್ಲೊಂದು ಬೇಡದ ತಾಳ ನಿಲ್ಲದೆ ಬಡಿಯುವುದೇ ಈ ರೋಗ. ಎಂಆರ್‌ಐ ಚಿತ್ರದಲ್ಲಿ ಮನೆ ಕಾಣುತ್ತದೆ, ಗೋಡೆ ಕಾಣುತ್ತದೆ. ಒಳಗೆ ಬಡಿಯುತ್ತಿರುವ ತಾಳ ಕಾಣುವುದಿಲ್ಲ. ಕಾಕಾನ ರಿಪೋರ್ಟು ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಚಿಕಿತ್ಸೆಯಲ್ಲಿ ಎಂಆರ್‌ಐಗೆ ಏನು ಕೆಲಸ? ಗುರಿ ತೋರಿಸುವುದು ಒಂದು. ಇನ್ನೊಂದು ನನಗೆ ಬಹಳ ಸೋಜಿಗ ತಂದದ್ದು: ಅದು ಮೆದುಳಿನ ಒಳಗಿನ ಶಾಖ ಅಳೆಯುತ್ತದೆ. ನೀರಿನಲ್ಲಿರುವ ಹೈಡ್ರೋಜನ್ನಿನ ಮಿಡಿತವನ್ನೇ ಎಂಆರ್‌ಐ ಚಿತ್ರವಾಗಿಸುವುದು. ನೀರು ಬಿಸಿಯಾದಂತೆ ಆ ಮಿಡಿತ ಕೂದಲೆಳೆಯಷ್ಟು ಬದಲಾಗುತ್ತದೆ. ಅದನ್ನು ಲೆಕ್ಕ ಹಾಕಿ, ಸೂಜಿ ಚುಚ್ಚದೆ, ತಲೆ ತೆರೆಯದೆ, ಒಳಗೆ ಇಂತಿಷ್ಟು ಡಿಗ್ರಿ ಎಂದು ಪರದೆಯ ಮೇಲೆ ತೋರಿಸುತ್ತಾರೆ. ಮೊದಲು 45-50 ಡಿಗ್ರಿಯ ಸುತ್ತ ಹದವಾಗಿ ಬೆಚ್ಚಗೆ ಮಾಡುತ್ತಾರೆ. ಆಗ ನರಕೋಶ ಸ್ವಲ್ಪ ಹೊತ್ತು ಮಂಕಾಗುತ್ತದೆ, ಸಾಯುವುದಿಲ್ಲ. ಜಾಗ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ 55-60 ಡಿಗ್ರಿ. ಅಷ್ಟಾದರೆ ಆ ಚೂರು ಶಾಶ್ವತವಾಗಿ ಸುಟ್ಟಂತೆ.

ಇದಕ್ಕೆಲ್ಲ ದೊಡ್ಡ ಅಡ್ಡಿ ಬುರುಡೆ. 1950ರ ದಶಕದಲ್ಲಿ ಅಮೆರಿಕದ ಫ್ರೈ ಸಹೋದರರು ಸದ್ದನ್ನು ಹೀಗೆ ಮೆದುಳಿನೊಳಗೆ ಒಟ್ಟುಗೂಡಿಸಲು ಹೊರಟಾಗ ಬುರುಡೆಯ ಎಲುಬಿನ ಒಂದು ತುಂಡನ್ನೇ ಕತ್ತರಿಸಿ ತೆಗೆಯಬೇಕಾಯಿತು. ಎಲುಬು ಸದ್ದನ್ನು ಕುಡಿಯುತ್ತದೆ, ಸೊಟ್ಟ ಮಾಡುತ್ತದೆ. ಈಗ ಮೊದಲೇ ಸಿಟಿ ಸ್ಕ್ಯಾನ್ ಮಾಡಿ ಯಾವ ಕಡೆ ಎಲುಬು ಎಷ್ಟು ದಪ್ಪ, ಎಷ್ಟು ಟೊಳ್ಳು ಎಂದು ತಿಳಿದು, ಒಂದೊಂದು ಬಿಲ್ಲೆಗೂ ಬೇರೆ ಬೇರೆ ಕ್ಷಣದಲ್ಲಿ ಹೊರಡಲು ಕಂಪ್ಯೂಟರು ಹೇಳಿಕೊಡುತ್ತದೆ. ಹಿಂದಿನ ಸಾಲಿನಲ್ಲಿ ಕೂತವರು ಕಾಳನ್ನು ಒಂದು ಚಣ ಮೊದಲೇ ಎಸೆದ ಹಾಗೆ. ಆದರೂ ಕೆಲವರ ಬುರುಡೆ ಸದ್ದನ್ನು ಒಳಗೆ ಬಿಡುವುದೇ ಇಲ್ಲ. ಅಂಥವರಿಗೆ ಈ ಚಿಕಿತ್ಸೆ ಇಲ್ಲ.

ಅದನ್ನು ಓದಿದಾಗ ನನಗೆ ನೆನಪಾದದ್ದು ಅಣ್ಣಿಗೇರಿ. 2010ರಲ್ಲಿ ಅಲ್ಲಿ ನೆಲ ಅಗೆಯುವಾಗ ಸಾಲಾಗಿ ಜೋಡಿಸಿದ ನೂರಾರು ಮನುಷ್ಯರ ತಲೆಬುರುಡೆಗಳು ಸಿಕ್ಕಿದ್ದವು. ಜನ ಮೊದಲು ಅಂದದ್ದು ಡೋಗಿ ಬರ. 1791-92ರ ಆ ಬರಕ್ಕೆ ಬುರುಡೆಯದೇ ಹೆಸರು. ಇಂಗಾಲದ ಪರೀಕ್ಷೆ ಮಾತ್ರ ಅವು ಇನ್ನೂ ಹಳೆಯವು, ಆರುನೂರು ವರ್ಷದ ಆಸುಪಾಸಿನವು ಎಂದಿತು. ಎಲುಬು ತನ್ನ ವಯಸ್ಸು ಹೇಳಿತು. ಅದರೊಳಗೆ ಇದ್ದದ್ದು ಏನು ಯೋಚಿಸುತ್ತಿತ್ತು, ಯಾರ ಕೈ ನಡುಗುತ್ತಿತ್ತು ಎಂಬುದು ಮಣ್ಣಿಗೆ ಹೋಯಿತು.

ಚಿಕಿತ್ಸೆಯ ನಡುವಿನ ಒಂದು ಸಂಗತಿಗೆ ಬರುತ್ತೇನೆ, ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕಾಗಿ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಒಂದೊಂದು ಸಲ ಸದ್ದು ಬಿಟ್ಟ ಮೇಲೂ ಡಾಕ್ಟರು ಅವನ ಮುಂದೆ ಒಂದು ಹಲಗೆ ಹಿಡಿದು, ಕಾಗದ ಇಟ್ಟು, ಕೈಗೆ ಪೆನ್ನು ಕೊಟ್ಟು, ‘ಸುರುಳಿ ಬರೀರಿ’ ಅನ್ನುತ್ತಾರೆ. ಮೊದಲ ಸುರುಳಿ ಗರಗಸದ ಹಲ್ಲು. ನಂತರದ್ದು ಕಡಿಮೆ. ಕೊನೆಯದು ನಯ. ನಾಲಗೆ ಜೋಮು ಹಿಡಿಯಿತು ಎಂದರೆ ಅಲ್ಲಿಗೇ ನಿಲ್ಲಿಸಿ ಗುರಿ ಸರಿಸುತ್ತಾರೆ. ಕೋಟಿಗಟ್ಟಲೆ ಬೆಲೆಯ ಯಂತ್ರ, ಎಂಜಿನಿಯರರು ತಲೆ ಕೆಡಿಸಿಕೊಂಡ ಗಣಿತ, ಎಲ್ಲ ಮುಗಿದ ಮೇಲೂ ಕೈ ಸರಿಹೋಯಿತೇ ಎಂದು ಕೇಳಬೇಕಾದದ್ದು ಒಂದು ಹಾಳೆ ಕಾಗದವನ್ನು!

ಸುರುಳಿಯೇ ಏಕೆ? ನೆಟ್ಟಗೆರೆಯಲ್ಲಿ ನಡುಕ ಒಂದಿಷ್ಟು ಅಡಗಿಕೊಳ್ಳಬಹುದು. ಸುತ್ತು ಬರುವಾಗ ಕೈ ಎಲ್ಲ ದಿಕ್ಕಿಗೂ ತಿರುಗಬೇಕು, ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಹಾಗೆ ನೋಡಿದರೆ ಕನ್ನಡ ಲಿಪಿಯೇ ಒಂದು ಪರೀಕ್ಷೆ. ‘ಅ’ ಬರೆಯಿರಿ, ‘ಓ’ ಬರೆಯಿರಿ, ‘ಣ’ ಬರೆಯಿರಿ. ಎಲ್ಲ ಸುತ್ತು, ಎಲ್ಲ ಕೊಂಡಿ. ಇಂಗ್ಲಿಷಿನಲ್ಲಿ ಸಹಿ ಮಾಡುವ ಗುಮಾಸ್ತನಿಗಿಂತ ಬೇಗ ಕನ್ನಡ ಮಾಸ್ತರನ ಕೈ ಬಯಲಾಗುತ್ತದೆ ಎಂದು ನನ್ನ ಅನುಮಾನ. ಇದಕ್ಕೆ ಸಂಶೋಧನೆಯ ಆಧಾರ ಕೇಳಬೇಡಿ, ಕಾಕಾನ ಹಳೆಯ ಪಾಠದ ಟಾಚಣಗಳನ್ನು ವರ್ಷವಾರು ಜೋಡಿಸಿ ನೋಡಿದವನ ಮಾತಷ್ಟೇ. ನಿವೃತ್ತಿಗೆ ನಾಲ್ಕು ವರ್ಷ ಮೊದಲೇ ‘ಲ’ದ ಹೊಟ್ಟೆಯಲ್ಲಿ ಅಲೆ ಎದ್ದಿತ್ತು. ಹುಬ್ಬಳ್ಳಿಯ ಫಿಲ್ಮಿನಲ್ಲಿ ಕಾಣದ್ದು ಟಾಚಣದಲ್ಲಿ ಇತ್ತು.

ಯಂತ್ರವನ್ನು ಹೊಗಳುವಾಗ ಅಳತೆ ತಪ್ಪಬಾರದು. 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 76 ರೋಗಿಗಳಿದ್ದರು, ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಬರೀ ನಟನೆ. ನಿಜ ಚಿಕಿತ್ಸೆ ಸಿಕ್ಕವರ ಕೈನಡುಕ ಮೂರು ತಿಂಗಳಲ್ಲಿ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. ಕೆಲವರಿಗೆ ಜೋಮು ಉಳಿಯಿತು, ಕೆಲವರ ನಡಿಗೆ ತೂಗಾಡಿತು. ಕಾಲ ಕಳೆದಂತೆ ನಡುಕ ಸ್ವಲ್ಪ ಮರಳುವುದೂ ಉಂಟು. ಖರ್ಚು ಲಕ್ಷಗಳ ಲೆಕ್ಕದ್ದು. ಹೆಸರು, ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ ಆ ರೊಕ್ಕ ಬಂದರೆ ಮೊದಲು ಮಗಳ ಮದುವೆ, ಆಮೇಲೆ ಬೋರ್‌ವೆಲ್, ಆಮೇಲೆ ಅಪ್ಪನ ಕೈ.

ಹಳ್ಳಿಯ ಮೆದುಳನ್ನು ನಮ್ಮ ರಾಜ್ಯ ಪೂರ್ತಿ ಮರೆತಿದೆ ಎಂದೂ ಹೇಳಲಾರೆ. ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಸಂಗಡಿಗರು 1993ರಿಂದ 95ರವರೆಗೆ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿದರು. ನರರೋಗಗಳು ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು ಸಿಕ್ಕವು. ಈಗ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ, ಎಂಆರ್‌ಐ ಸಹಿತ. ಮಾವು ಬೆಳೆಯುವವರ ಮೆದುಳಿನ ಚಿತ್ರ ವಿಜ್ಞಾನದ ಕಡತ ಸೇರುತ್ತಿದೆ. ಜೋಳ ಬೆಳೆಯುವವರದು ಎಂದೋ.

ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಅದರ ಹೆಸರಿನಲ್ಲೇ ನರವಿಜ್ಞಾನವೂ ಇದೆ. ಆದರೆ ನಮ್ಮ ಕಡೆ ‘ಧಾರವಾಡಕ್ಕ ಕಳಸ್ತೇನಿ’ ಎಂದರೆ ಅರ್ಥ ಬೇರೆ. ಬ್ರಿಟಿಷರ ಕಾಲದ ಹುಚ್ಚರ ದವಾಖಾನಿಯ ನೆರಳು ಇನ್ನೂ ಆ ಗೇಟಿನ ಮೇಲೆ ಬಿದ್ದಿದೆ. ಕೈ ನಡುಗುತ್ತದೆ ಎಂದು ಅಲ್ಲಿಗೆ ಹೋಗೋಣ ಅಂದಾಗ ಕಾಕಾ ಸಿಟ್ಟಾದರು. ‘ನಡಗೂದು ಕೈ, ತಲಿ ಅಲ್ಲೋ ತಮ್ಮಾ.’ ತಲೆಯದೇ ತಕರಾರು ಎಂದು ಅವರಿಗೆ ತಿಳಿಸುವುದು ಹೇಗೆ? ಎಂಆರ್‌ಐ ಬೇರೆ ಏನೂ ಇಲ್ಲ ಅಂದಿದೆ.

ಕೊನೆಗೆ ತಾಲ್ಲೂಕಿನ ಡಾಕ್ಟರರೊಬ್ಬರು ಚೀಲದ ಫಿಲ್ಮು ತೆಗೆಯಲೇ ಇಲ್ಲ. ಮೇಜಿನ ಮೇಲಿದ್ದ ಔಷಧ ಕಂಪನಿಯ ಪ್ಯಾಡನ್ನು ಮುಂದೆ ಸರಿಸಿದರು. ‘ಸರ್, ಒಂದು ಸುರುಳಿ ತಗೀರಿ.’ ಕಾಕಾ ಸುರುಳಿ ಬರೆಯಲಿಲ್ಲ, ಅ ಆ ಇ ಈ ಬರೆದರು, ಮಾಸ್ತರರಲ್ಲವೇ. ಡಾಕ್ಟರಿಗೆ ಅಷ್ಟು ಸಾಕಾಯಿತು. ದಮ್ಮು ಇದೆಯೇ ಎಂದು ಎರಡು ಸಲ ಕೇಳಿ, ಇಲ್ಲ ಅಂದ ಮೇಲೆ ಪ್ರೊಪ್ರನಲಾಲ್ ಎಂಬ ಹಳೆಯ, ಅಗ್ಗದ ಗುಳಿಗೆ ಬರೆದುಕೊಟ್ಟರು. 1960ರ ದಶಕದಲ್ಲಿ ಎದೆಯ ತೊಂದರೆಗೆಂದು ಹುಟ್ಟಿದ ಔಷಧ ಅದು, ದಮ್ಮಿನವರಿಗೆ ಆಗಿಬರುವುದಿಲ್ಲ. ಎಲ್ಲರಿಗೂ ನಾಟುವುದೂ ಇಲ್ಲ. ಕಾಕಾನಿಗೆ ಒಂದಿಷ್ಟು ನಾಟಿತು.

ಈಗ ಅವರು ತಿಂಗಳು ಮುಗಿದ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಒಂದು ಸುರುಳಿ ಬರೆದು ತಾರೀಖು ಹಾಕುತ್ತಾರೆ. ಎಂಆರ್‌ಐ ಚೀಲದಲ್ಲೇ ಇಡುತ್ತಾರೆ, ಕರಿಯ ಫಿಲ್ಮಿನ ಜೊತೆ. ಮೊನ್ನೆ ಹೋದಾಗ ಕೊಯಮತ್ತೂರಿನ ಸಂಗತಿ ಎಲ್ಲ ಹೇಳಿದೆ, ಶಿರಸ್ತ್ರಾಣ, ಸದ್ದು, ಅರವತ್ತು ಡಿಗ್ರಿ. ಕೇಳಿಸಿಕೊಂಡು, ‘ಕಡೀಕ ಅಲ್ಲೂ ಸುರುಳೀನ ಬರಸ್ತಾರಂತೇನು?’ ಅಂದರು. ಹೌದು ಅಂದೆ. ಚೀಲದಿಂದ ಹಾಳೆಗಳನ್ನು ತೆಗೆದು ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ಹರವಿ, ಗಾಳಿಗೆ ಹಾರದಂತೆ ಮೇಲೆ ಚಹಾದ ಬಶಿ ಇಟ್ಟರು. ಕಟಕಟ ಎಂದಿತು, ಆದರೆ ಸಣ್ಣಗೆ.