ಸಂಬಳಕ್ಕಾಗಿ ಕಲಿತ ವಿನಯ

ಕಾಲೇಜಿನ ಕೊನೆಯ ವರ್ಷದಲ್ಲಿರುವ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಒಂದು ಮಾತು ಬಂದೇ ಬರುತ್ತದೆ: ಅಂಕ ಇದ್ದರೆ ಸಾಲದು, ಸಾಫ್ಟ್ ಸ್ಕಿಲ್ಸ್ ಬೇಕು. ಚೆನ್ನಾಗಿ ಮಾತಾಡುವುದು, ಬೇರೆಯವರ ಮಾತು ಕೇಳಿಸಿಕೊಳ್ಳುವುದು, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವುದು, ಸಿಟ್ಟನ್ನು ನುಂಗಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಬರುವುದು. ಈ ಪಟ್ಟಿಯನ್ನು ನಮ್ಮ ಅಜ್ಜಿಯರ ಮುಂದೆ ಓದಿದ್ದರೆ, 'ಇವೆಲ್ಲ ಒಳ್ಳೆಯ ಗುಣಗಳಲ್ಲವೇ, ಇದಕ್ಕೆ ಬೇರೆ ಹೆಸರು ಯಾಕೆ?' ಎಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಗುಣವೆಂದು ಕರೆಯುತ್ತಿದ್ದುದನ್ನು ಕೌಶಲವೆಂದು ಕರೆದಾಗ ಏನು ಬದಲಾಗುತ್ತದೆ? ಸಂಬಳಕ್ಕಾಗಿ ಕಲಿತ ವಿನಯ ವಿನಯವೋ, ನಟನೆಯೋ?

ಈ ಪ್ರಶ್ನೆಯನ್ನು ಇಟ್ಟು ನೋಡುವುದಕ್ಕೆ ಕೋಲಾರದ ಚಿನ್ನದ ಗಣಿ ಪ್ರದೇಶ, ಕೆಜಿಎಫ್, ತಕ್ಕ ಜಾಗ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದು, 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದ ಈ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿಂದೀಚೆಗೆ ಊರಿನ ದುಡಿಮೆಯ ದಿಕ್ಕೇ ಬದಲಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ಸ್ಟೇಷನ್‌ಗಳಲ್ಲಿ ನಸುಕಿಗೇ ರೈಲು ಹತ್ತುವವರು ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್ ದಾಟಿ ಬೆಂಗಳೂರಿನ ಆಫೀಸು, ಅಂಗಡಿ, ಆಸ್ಪತ್ರೆ, ಮಾಲ್‌ಗಳಿಗೆ ಹೋಗಿ ರಾತ್ರಿ ಮರಳುತ್ತಾರೆ. ತಾತ ಬಂಡೆಯ ಜೊತೆ ಕೆಲಸ ಮಾಡಿದ. ಮೊಮ್ಮಗಳು ಗ್ರಾಹಕರ ಜೊತೆ ಕೆಲಸ ಮಾಡುತ್ತಾಳೆ. ತಾತನ ತೋಳಿನ ಬಲಕ್ಕೆ ಬೆಲೆ ಕಟ್ಟಿದಂತೆ ಮೊಮ್ಮಗಳ ನಗುವಿಗೆ ಬೆಲೆ ಕಟ್ಟಲಾಗುತ್ತದೆ.

'ಸಾಫ್ಟ್ ಸ್ಕಿಲ್' ಎಂಬ ಮಾತು ಬಳಕೆಗೆ ಬಂದದ್ದು ಅಮೆರಿಕದ ಸೈನ್ಯದಲ್ಲಿ, 1970ರ ದಶಕದ ಆರಂಭದ ಆಸುಪಾಸಿನಲ್ಲಿ. ಯಂತ್ರಗಳನ್ನು ನಡೆಸುವ ಕೆಲಸ ಒಂದು ಬಗೆ, ಜನರನ್ನೂ ಕಾಗದಪತ್ರಗಳನ್ನೂ ನಿಭಾಯಿಸುವ ಕೆಲಸ ಇನ್ನೊಂದು ಬಗೆ ಎಂದು ತರಬೇತಿಯ ಅನುಕೂಲಕ್ಕೆ ಅವರು ವಿಂಗಡಿಸಿಕೊಂಡರು. ಆದರೆ ಗಣಿಯೊಳಗೆ ಈ ವಿಂಗಡಣೆ ನಿಲ್ಲುವುದಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು ಕೆಜಿಎಫ್ ಗಣಿಗಳಿಗೆ ಹೊಸದಾಗಿರಲಿಲ್ಲ. ಕೇಜ್‌ನಲ್ಲಿ ನಿಂತು ಕೆಳಗಿಳಿಯುವವನು ಮೇಲೆ ಯಂತ್ರ ನಡೆಸುವವನ ಮುಖವನ್ನೇ ನೋಡುವುದಿಲ್ಲ. ಗಂಟೆಯ ಸಂಕೇತವನ್ನು ಆತ ಗಮನವಿಟ್ಟು ಕೇಳಿಸಿಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ ಇವನ ಜೀವ ನಿಂತಿರುತ್ತದೆ. ಉತ್ತರ ಆರ್ಕಾಟಿನಿಂದ ಬಂದ ತಮಿಳರು, ತೆಲುಗರು, ಕನ್ನಡಿಗರು, ಉರ್ದು ಮಾತಾಡುವವರು ಒಬ್ಬರ ಎಚ್ಚರಿಕೆಯನ್ನು ಇನ್ನೊಬ್ಬರು ಅರ್ಥ ಮಾಡಿಕೊಂಡೇ ಬದುಕಬೇಕಿತ್ತು. ಕೇಳಿಸಿಕೊಳ್ಳುವುದು ಅಲ್ಲಿ ಯಾವ ಅರ್ಥದಲ್ಲೂ ಮೃದುವಾದ ಕೌಶಲವಾಗಿರಲಿಲ್ಲ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಳ್ಳೆಯ ನಡವಳಿಕೆ ಕೆಲಸಕ್ಕೆ ಉಪಯೋಗಕ್ಕೆ ಬರುತ್ತದೆ ಎಂಬ ಕಾರಣಕ್ಕೇ ಅದು ಕೀಳಾಗುವುದಿಲ್ಲ. ಗಣಿಯ ಜೊತೆಗಾರನ ನಿಷ್ಠೆ ಉಪಯೋಗಕ್ಕೂ ಬರುತ್ತಿತ್ತು, ನಿಜವೂ ಆಗಿತ್ತು.

ಹಾಗಾದರೆ ಇಂದಿನ ತರಬೇತಿಯ ಬಗ್ಗೆ ಅಳುಕು ಯಾಕೆ? ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ನೋಡಿ 1983ರಲ್ಲಿ ಒಂದು ಪುಸ್ತಕ ಬರೆದರು. ಕಂಪನಿ ಅವರ ಮೈಯ ದುಡಿಮೆಯನ್ನಷ್ಟೇ ಅಲ್ಲ, ಭಾವನೆಯ ದುಡಿಮೆಯನ್ನೂ ಕೊಳ್ಳುತ್ತದೆ ಎಂಬುದು ಅವರ ವಾದ. ತುಟಿಯಲ್ಲಿ ಮಾತ್ರ ನಗುವುದು ಒಂದು ಬಗೆಯ ನಟನೆ. ಒಳಗೂ ಹಾಗೇ ಅನ್ನಿಸುವಂತೆ ತನ್ನನ್ನು ತಾನು ಒಪ್ಪಿಸಿಕೊಳ್ಳುವುದು ಇನ್ನೂ ಆಳದ ನಟನೆ. ದಿನವಿಡೀ ಹಾಗೆ ನಕ್ಕವರಿಗೆ ಕೊನೆಗೆ ತಮ್ಮ ನಿಜವಾದ ಭಾವನೆ ಯಾವುದೆಂದೇ ಗೊತ್ತಾಗದೆ ಹೋಗಬಹುದು. ಬೈಯುವ ಗ್ರಾಹಕನಿಗೆ 'ಕ್ಷಮಿಸಿ ಸರ್' ಎನ್ನುತ್ತಾ ಎಂಟು ಗಂಟೆ ಫೋನಿನ ಮುಂದೆ ಕುಳಿತು, ಬಂಗಾರಪೇಟೆಯ ಕೊನೆಯ ರೈಲಿನಲ್ಲಿ ಯಾರೊಂದಿಗೂ ಮಾತು ಬೇಡವೆಂದು ಕಣ್ಣು ಮುಚ್ಚಿ ಕೂರುವ ಹುಡುಗಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಎದುರಾಗಿ ಹಳೆಯದೊಂದು ವಾದವಿದೆ. ಒಳ್ಳೆಯ ಕೆಲಸ ಮಾಡುತ್ತ ಮಾಡುತ್ತಲೇ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದ ಅರಿಸ್ಟಾಟಲ್. ನಮ್ಮಲ್ಲಿ 'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎನ್ನುತ್ತಾರೆ. ಮಗುವಿಗೆ 'ನಮಸ್ಕಾರ ಮಾಡು' ಎಂದು ಕೈಜೋಡಿಸುವಾಗ ಅದರ ಮನಸ್ಸಿನಲ್ಲಿ ಗೌರವ ಇದೆಯೋ ಇಲ್ಲವೋ ಎಂದು ನಾವು ಪರೀಕ್ಷಿಸುವುದಿಲ್ಲ. ಕೈ ಮೊದಲು ಕಲಿಯುತ್ತದೆ, ಮನಸ್ಸು ಆಮೇಲೆ ಬರುತ್ತದೆ. ಈ ಲೆಕ್ಕದಲ್ಲಿ, ಕಲಿತದ್ದೆಂಬ ಕಾರಣಕ್ಕೆ ಯಾವ ವಿನಯವೂ ಸುಳ್ಳಾಗುವುದಿಲ್ಲ. ಆದರೆ ಗಾದೆಗೆ ಎರಡು ಪಾದಗಳಿವೆ. ಅಭ್ಯಾಸ ರಾಗವನ್ನೂ ಕೊಡುತ್ತದೆ, ರೋಗವನ್ನೂ ಕೊಡುತ್ತದೆ. ಯಾವುದನ್ನು ಅಭ್ಯಾಸ ಮಾಡುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ಅದನ್ನು ನೋಡಿಕೊಳ್ಳಲು ನನಗೆ ತೋಚುವ ಒರೆಗಲ್ಲು ಒಂದೇ: ಈ ವಿನಯ ಯಾರ ಕಡೆಗೆ ಹರಿಯುತ್ತದೆ? ಇಂಗ್ಲಿಷಿನ 'ಯೂ' ಎಲ್ಲರಿಗೂ ಒಂದೇ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ನೀನೋ ನೀವೋ ಎಂದು ತೀರ್ಮಾನಿಸಬೇಕು. ತಮಿಳು, ತೆಲುಗು, ಉರ್ದುವಿನಲ್ಲೂ ಹಾಗೆಯೇ. ಮ್ಯಾನೇಜರಿಗೆ 'ಬನ್ನಿ ಸರ್' ಎಂದ ಅದೇ ಬಾಯಿ, ವಯಸ್ಸಿನಲ್ಲಿ ತಂದೆಯಷ್ಟಿರುವ ಸೆಕ್ಯೂರಿಟಿಯವರನ್ನು 'ಏಯ್, ಬಾರಪ್ಪ ಇಲ್ಲಿ' ಎನ್ನುತ್ತದೆ. ಕಸ ಗುಡಿಸಲು ಬರುವ ಹೆಂಗಸಿನ ಹೆಸರನ್ನೂ ಕೇಳಿರುವುದಿಲ್ಲ. ಅಂಥ ಕಡೆ ಬೆಳೆದಿರುವುದು ಗುಣವಲ್ಲ, ಬರೀ ಲೆಕ್ಕಾಚಾರ. ನಮಗೆ ಏನನ್ನೂ ಕೊಡಲಾಗದವರ ಮುಂದೆಯೂ ಉಳಿಯುವ ನಯ, ಎಲ್ಲಿ ಕಲಿತದ್ದಾದರೂ, ನಮ್ಮದೇ.

ಈ ಕೌಶಲಗಳನ್ನು ಅಳೆಯುವವರ ಮೇಲೂ ಒಂದು ಹೊಣೆಯಿದೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬಂಗಾರಪೇಟೆಯ ಸಂತೆಯಲ್ಲಿ ತೆಲುಗು, ಗೆಳತಿಯ ಜೊತೆ ಉರ್ದು ಮಾತಾಡಿ ದಿನ ಕಳೆಯುವ ಹುಡುಗಿಗೆ ಸಂದರ್ಶನದಲ್ಲಿ 'ನಿನಗೆ ಕಮ್ಯುನಿಕೇಶನ್ ಸಾಲದು' ಎನ್ನುತ್ತಾರೆ. ಬಣ್ಣವಿಲ್ಲದ ಪಾನಿಗೆ ಹೆಸರಾದ ಬಂಗಾರಪೇಟೆ ಪಾನಿಪೂರಿಯ ಗಾಡಿಯವರು ಸುತ್ತ ನಿಂತ ಹತ್ತು ಜನರಲ್ಲಿ ಯಾರಿಗೆ ಖಾರ ಬೇಕು, ಯಾರದು ಎಷ್ಟನೆಯದು, ಯಾವ ಮಗು ಕಾದು ಸಾಕಾಗಿ ಅಳುವ ಹಾಗಿದೆ ಎಂಬುದನ್ನೆಲ್ಲ ನೆನಪಿಟ್ಟು ಯಾರಿಗೂ ಬೇಸರವಾಗದಂತೆ ನಿಭಾಯಿಸುತ್ತಾರೆ. ಅವರ ಕೈಗೆ ಸರ್ಟಿಫಿಕೇಟು ಕೊಟ್ಟವರಿಲ್ಲ. ಒಂದು ವರ್ಗದ ಇಂಗ್ಲಿಷ್ ಉಚ್ಚಾರಣೆಯನ್ನೇ ಸಂವಹನವೆಂದು ಕರೆದರೆ, ಸಾಫ್ಟ್ ಸ್ಕಿಲ್ ಎಂಬುದು ಹಳೆಯ ಬೇಲಿಗೆ ಹಚ್ಚಿದ ಹೊಸ ಬಣ್ಣವಾಗುತ್ತದೆ.

ತರಬೇತಿಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣದ ಇನ್ನೊಂದು ಕೌಶಲವಿದೆ: ಬೇಡ ಎನ್ನುವುದು. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಕಂಪನಿಗಳು ಹೊರಟಾಗ ಕೆಜಿಎಫ್‌ನ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ತಮ್ಮನ್ನು ಅಪರಾಧಿಗಳಂತೆ ಕಾಣಬಾರದು ಎಂದು ನಿಲ್ಲುವುದಕ್ಕೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಬೇಕು, ನಂಬಬೇಕು, ಸಿಟ್ಟನ್ನು ಹದದಲ್ಲಿಡಬೇಕು. ಅದೂ ಹೊಂದಾಣಿಕೆಯೇ, ಆದರೆ ಮೇಲಿನವರ ಜೊತೆಗಲ್ಲ, ಪಕ್ಕದವರ ಜೊತೆಗೆ. ಹೊಂದಿಕೊಳ್ಳುವುದನ್ನು ಮಾತ್ರ ಕಲಿಸಿ, ಅವಮಾನವನ್ನು ಸೌಜನ್ಯದಿಂದಲೇ ನಿರಾಕರಿಸುವುದನ್ನು ಕಲಿಸದ ಶಿಕ್ಷಣ ಅರ್ಧ ಶಿಕ್ಷಣ.

ಹಾಗೆಂದು ಕಲಿಯುವುದೇ ಬೇಡವೆಂದಲ್ಲ. ನಾಳೆ ಸಂದರ್ಶನಕ್ಕೆ ಹೋಗುವವರು ಎದುರಿನವರ ಕಣ್ಣು ನೋಡಿ ಮಾತಾಡುವುದನ್ನು ಕಲಿಯಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಕಲಿಯಲಿ, ಪ್ರಶ್ನೆ ಮುಗಿಯುವ ತನಕ ಕಾಯುವುದನ್ನು ಕಲಿಯಲಿ. ಹೊಟ್ಟೆಪಾಡಿಗಾಗಿ ಕಲಿಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಲಿತದ್ದನ್ನು ಆಫೀಸಿನ ಬಾಗಿಲಲ್ಲೇ ಕಳಚಿಟ್ಟು ಬರದೆ, ರೈಲಿನಲ್ಲಿ ಪಕ್ಕ ನಿಂತವರಿಗೆ ಜಾಗ ಮಾಡಿಕೊಡುವಾಗ, ಮನೆಯಲ್ಲಿ ಕಾದು ಕುಳಿತ ಅಮ್ಮನ ಮಾತನ್ನು ಮೊಬೈಲು ಕೆಳಗಿಟ್ಟು ಕೇಳುವಾಗ ಬಳಸಿದರೆ ಸಾಕು. ಸಂಬಳ ಕೊಡುವವರು ನಮ್ಮ ಎಂಟು ಗಂಟೆಯ ವಿನಯಕ್ಕೆ ದುಡ್ಡು ಕೊಟ್ಟಿರಬಹುದು. ಉಳಿದ ಹದಿನಾರು ಗಂಟೆಯಲ್ಲಿ ಅದು ಎಷ್ಟು ಉಳಿಯುತ್ತದೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.